ಬೈಯದೆ ಹೋದವಳು

ಹೆರಿಗೆ ಕೋಣೆಯಲ್ಲಿ ಬೈಗುಳ ತಿನ್ನದೆ ನೌಕರಿ ಮುಗಿಸಿದ ಮಿಡ್‌ವೈಫ್ ಒಬ್ಬಳೂ ಇರಲಾರಳು. ಈಗ ಈ ಕೆಲಸಕ್ಕೆ ಸೇರುವ ಹುಡುಗಿಯರು ನನ್ನ ಹತ್ತಿರ ಬಂದರೆ ಬೇರೆ ಏನೇನೋ ಕೇಳುತ್ತಾರೆ. ರಕ್ತ ನಿಲ್ಲದಿದ್ದರೆ ಏನು ಮಾಡುತ್ತಿದ್ದಿರಿ, ಡಾಕ್ಟರು ಊರಲ್ಲಿ ಇಲ್ಲದಿದ್ದರೆ ಏನು ಮಾಡುತ್ತಿದ್ದಿರಿ ಎನ್ನುತ್ತಾರೆ. ಬೈಗುಳದ ಮಾತೆತ್ತಲು ಅವರಿಗೆ ಸಂಕೋಚ. ಆದರೆ ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವರು ಮೂಲೆಯಲ್ಲಿ ನಿಂತು ಕಣ್ಣೊರೆಸಿಕೊಳ್ಳುವುದು ಅದಕ್ಕೇ. "ಬೆಳಗಿಂದ ಅವಳ ಸೊಂಟ ಉಜ್ಜಿದೆ, ಕೊನೆಗೆ ನನ್ನ ತಾಯಿಯನ್ನೇ ಹಿಡಿದು ಬೈದಳು" ಎಂದು ಒಬ್ಬಳು ನನ್ನೆದುರು ಅತ್ತಳು. ಅವಳಿಗೆ ಆಗ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನರಸಿಂಹರಾಜಪುರ, ಕೊಪ್ಪ, ಶೃಂಗೇರಿ ಈ ಮೂರು ಕಡೆ ನಾನು ಸರ್ಕಾರಿ ಮಿಡ್‌ವೈಫ್ ಆಗಿದ್ದೆ. ಯಾವಾಗ ಬಡ್ತಿ ಸಿಕ್ಕಿತು, ಯಾವಾಗ ತಪ್ಪಿತು ಎಂಬುದು ಯಾರಿಗೂ ಬೇಕಾಗಿಲ್ಲ.

ಮೊದಲು ನನ್ನ ಮನೆಯ ಮಾತು ಹೇಳಬೇಕು. ನಮ್ಮ ತಂದೆ ಬಾಳೆಹೊನ್ನೂರಿನ ಹತ್ತಿರದ ಹಳ್ಳಿಯೊಂದರಲ್ಲಿ ಮೇಷ್ಟರಾಗಿದ್ದರು. ಅವರ ಬಾಯಲ್ಲಿ ಕೆಟ್ಟ ಮಾತು ನಾವು ಕೇಳಿದವರಲ್ಲ. ಸಿಟ್ಟು ನೆತ್ತಿಗೇರಿದಾಗ ಹಲ್ಲು ಕಚ್ಚಿ "ನಿನಗೆ ಒಳ್ಳೆಯದಾಗಲಿ" ಎನ್ನುತ್ತಿದ್ದರು. ನಾವು ಮಕ್ಕಳು ಆ ಮಾತಿಗೇ ಹೆದರಿ ಓಡುತ್ತಿದ್ದೆವು. ನನ್ನಮ್ಮ ಒದೆಯುವ ಎಮ್ಮೆಗೂ "ಎಂತಕ್ಕೆ ತಾಯಿ ಹೀಗೆ ಮಾಡ್ತೀಯ" ಅನ್ನುವವಳು. ಇಂಥ ಮನೆಯಲ್ಲಿ ಬೆಳೆದ ನನ್ನ ನಾಲಿಗೆಗೆ ಬೈಗುಳ ಒಗ್ಗಲೇ ಇಲ್ಲ.

ಮದುವೆಯಾಗಿ ಎರಡನೆಯ ಮಳೆಗಾಲಕ್ಕೆ ನನ್ನ ಗಂಡ ಚಳಿಜ್ವರದಲ್ಲಿ ತೀರಿಕೊಂಡರು. ಅಲ್ಲಿಂದ ಮುಂದೆ ಒಂದು ಬೈಗುಳ ನನಗೆ ಬೈಗುಳವಾಗಿ ಉಳಿಯಲಿಲ್ಲ. 'ಮುಂಡೆ' ಎಂಬ ಮಾತು ಆಗ ಊರಿನ ಎಲ್ಲರ ಬಾಯಲ್ಲೂ ಇತ್ತು. ಹಾಲು ಚೆಲ್ಲಿದ ಬೆಕ್ಕೂ ಮುಂಡೆಯೇ, ಹತ್ತದ ಒಲೆಯೂ ಮುಂಡೆಯೇ. ಜನ ಹಾಗೆ ಅಂದುಕೊಂಡು ಓಡಾಡಿದ್ದರೆ ನನಗೇನೂ ಅನಿಸುತ್ತಿರಲಿಲ್ಲ. ನಾನು ಅಲ್ಲಿರುವುದನ್ನು ಕಂಡು ನಾಲಿಗೆ ಕಚ್ಚಿಕೊಳ್ಳುತ್ತಿದ್ದರಲ್ಲ, ಅದು ನೋಯಿಸುತ್ತಿತ್ತು. ಅಣ್ಣ ಧೈರ್ಯ ಮಾಡಿ ನನ್ನನ್ನು ಹೆರಿಗೆ ಕೆಲಸ ಕಲಿಯಲು ಮೈಸೂರಿಗೆ ಕಳಿಸಿದ.

ಅಲ್ಲಿ ನಮಗೆ ಕಲಿಸಿದ ದೊಡ್ಡ ನರ್ಸಮ್ಮ ಕೈಯಲ್ಲಿ ಯಾವಾಗಲೂ ಒಂದು ಒದ್ದೆ ಟವೆಲ್ ಹಿಡಿದಿರುತ್ತಿದ್ದರು. ಬೇನೆಯಲ್ಲಿರುವ ಹೆಂಗಸು ಬಾಯಿಗೆ ಬಂದಂತೆ ಬೈದರೆ ಅದರಿಂದಲೇ ಬಾಯಿಯ ಮೇಲೆ ಪಟ್ಟೆಂದು ಒಂದು ಏಟು. ಬಾಯಿ ಮುಚ್ಚಿದರೆ ಬಲ ಕೆಳಗೆ ಇಳಿಯುತ್ತದೆ, ಬೈಯುತ್ತ ಹೋದರೆ ಗಾಳಿಯಲ್ಲಿ ಹೋಗುತ್ತದೆ ಎಂಬುದು ಅವರ ಪಾಠ. ಅದರಲ್ಲಿ ಸ್ವಲ್ಪ ನಿಜವೂ ಇತ್ತು. ನಾನು ಪೂರಾ ನಿಜವೆಂದು ತಿಳಿದು ಒಂದು ಟವೆಲ್ ಹಿಡಿದುಕೊಂಡೇ ನರಸಿಂಹರಾಜಪುರಕ್ಕೆ ಬಂದೆ. ಆಗ ಸುತ್ತಲಿನ ಜನ ಆ ಊರನ್ನು ಎಡೇಹಳ್ಳಿ ಎಂದೇ ಕರೆಯುತ್ತಿದ್ದರು.

ಅಲ್ಲಿ ನನಗೆ ಪಾಠ ಮರೆಸಿದವಳು ದ್ಯಾವಿ ಎಂಬ ಗಾಡಿ ಹೊಡೆಯುವವನ ಹೆಂಡತಿ. ಅವಳ ಗಂಡ ಮಂಜ ಗುಡಿಸಲ ಹೊರಗೆ ಎತ್ತಿನ ಪಕ್ಕ ಕುಳಿತಿದ್ದ. ಒಳಗಿಂದ ಇವಳು ಅವನ ವಂಶವನ್ನೆಲ್ಲ ಜಾಲಾಡುತ್ತಿದ್ದಳು.

"ನಿನ್ನ ಮನೆ ಹಾಳಾಗ, ನಿಮ್ಮಪ್ಪನೂ ಹಿಂಗೇ ಇದ್ನೇನೋ, ನಿಮ್ಮಜ್ಜನೂ ಹಿಂಗೇ ಇದ್ನೇನೋ ಬೋಳೀಮಗನೆ!"

ಹೊರಗಿಂದ ಮಂಜ ಸಮಾಧಾನದಲ್ಲಿ ಹೇಳಿದ: "ಅಜ್ಜನ್ನ ನಾ ನೋಡ್ಲಿಲ್ಲ ಮಾರಾಯ್ತಿ."

ಸ್ವಲ್ಪ ಹೊತ್ತಿಗೆ ಅವಳ ಬಾಯಿ ನನ್ನ ಕಡೆ ತಿರುಗಿತು. "ಈ ಮುಂಡೆ ಕೈ ಹಾಕಿದ್ದಕ್ಕೇ ನನ್ನ ಮಗು ಬರ್ತಾ ಇಲ್ಲ" ಎಂದಳು. ಟವೆಲ್ ಎತ್ತಿದೆ. ಎತ್ತಿದವಳು ಅವಳ ಮುಖ ನೋಡಿದೆ. ಅಲ್ಲಿ ನನ್ನ ಮೇಲಿನ ಸಿಟ್ಟು ಇರಲಿಲ್ಲ. ಎದುರಿಗೆ ಯಾರಿದ್ದಾರೆ ಎಂಬ ಅರಿವೂ ಇರಲಿಲ್ಲ. ಆ ಟವೆಲ್‌ನಿಂದ ಅವಳ ಹಣೆಯ ಬೆವರು ಒರೆಸಿದೆ. ಅವಳು ಬೈಯುತ್ತಲೇ ಹೆತ್ತಳು. ಹನ್ನೊಂದು ದಿನ ಕಳೆದ ಮೇಲೆ ಮಗುವನ್ನು ತೋರಿಸಲು ಬಂದವಳು ಸೆರಗು ಹಿಂಡುತ್ತ ಕೇಳಿದಳು: "ಅಮ್ಮ, ಆವತ್ತು ನಾ ನಿಮಗೆ ಎಂತಾದ್ರೂ ಅಂದ್ನಾ?"

"ಇಲ್ಲಮ್ಮ, ಏನೂ ಅನ್ಲಿಲ್ಲ."

ಹಿಂದೆ ನಿಂತಿದ್ದ ಮಂಜ "ನಂಗೆ ಮಾತ್ರ ಅಂದ್ಲು" ಎಂದ.

ಎಲ್ಲರೂ ಮಂಜನಂತೆ ಇರುವುದಿಲ್ಲ. ನಾನು ಕೆಲಸ ಮಾಡಿದ ಆಸ್ಪತ್ರೆಗಳಲ್ಲಿ ಒಂದರಲ್ಲಿ, ಯಾವುದೆಂದು ಹೇಳುವುದು ಬೇಡ, ಒಬ್ಬ ಡಾಕ್ಟರಿದ್ದರು. ಕೆಲಸದಲ್ಲಿ ಕೈ ಚುರುಕು. ಕೆಟ್ಟ ಮಾತು ಕಿವಿಗೆ ಬಿದ್ದರೆ ಮಾತ್ರ ಮೈಮೇಲೆ ಹಲ್ಲಿ ಬಿದ್ದಂತೆ ಆಡುತ್ತಿದ್ದರು. ಅವರೇ ಕಾಂಪೌಂಡರನ್ನು ಬೆಳಗಿಂದ ಸಂಜೆವರೆಗೆ "ಬ್ಲಡಿ ಫೂಲ್" ಎನ್ನುತ್ತಿದ್ದರು. ಅದು ಇಂಗ್ಲಿಷಾದ್ದರಿಂದ ಅವರ ಲೆಕ್ಕಕ್ಕೆ ಬೈಗುಳವಲ್ಲ. ಒಮ್ಮೆ ಮೀನು ಮಾರುವವಳೊಬ್ಬಳಿಗೆ ಮಗು ಸಿಕ್ಕಿಕೊಂಡಿತ್ತು. ಡಾಕ್ಟರು ಇಕ್ಕಳ ಹಾಕುವಾಗ ಅವಳು ಉರಿ ತಾಳದೆ ಅವರ ತಾಯಿಯ ಮೇಲೆ ಒಂದು ಮಾತು ಎಸೆದಳು. ಅವರು ಇಕ್ಕಳವನ್ನು ಟ್ರೇಯಲ್ಲಿಟ್ಟು ಹೊರಗೆ ಹೋಗಿ ಕೈ ತೊಳೆಯತೊಡಗಿದರು.

"ಸಾರ್, ಮಗು" ಎಂದೆ.

"ಮೊದಲು ಅವಳು ಕ್ಷಮೆ ಕೇಳಲಿ."

ನಾನು ಒಳಗೆ ಓಡಿ ಅವಳ ಕಿವಿಯಲ್ಲಿ ಗೋಗರೆದೆ. ಬೇನೆಯ ನಡುವೆ ಬಿಡುವು ಸಿಕ್ಕಾಗ ಅವಳು "ತಪ್ಪಾಯ್ತು ಸ್ವಾಮಿ" ಎಂದಳು. ಅದು ಹೊರಗೆ ಕೇಳಲಿಲ್ಲ. ಮತ್ತೊಮ್ಮೆ ಜೋರಾಗಿ ಹೇಳಿಸಿದೆ. ಅವರು ಬಂದರು, ಎಳೆದರು. ಮಗು ಅಳಲಿಲ್ಲ. ಆ ತಡದಿಂದಲೇ ಮಗು ಹೋಯಿತೆಂದು ನಾನು ಆಣೆ ಮಾಡಿ ಹೇಳಲಾರೆ. ಹಾಗಲ್ಲವೆಂದೂ ಹೇಳಲಾರೆ. ಆ ಹೆಂಗಸು ಮೂರು ಮಕ್ಕಳ ತಾಯಿ. ಮನೆಗೆ ಹೋಗುವಾಗ ನನ್ನೊಡನೆ, "ನನ್ನ ಬಾಯಿಂದಲೇ ಆಯ್ತಲ್ಲ ಅಮ್ಮ" ಎಂದಳು. ಏನು ಹೇಳಿದರೂ ಅವಳು ನಂಬಲಿಲ್ಲ. ಮತ್ತೆ ಪೇಟೆಯಲ್ಲಿ ಮೀನಿನ ಬುಟ್ಟಿ ಹೊತ್ತು ಹೋಗುವಾಗ ಕಾಣುತ್ತಿದ್ದಳು. ಗಿರಾಕಿಗಳು ಎಷ್ಟು ಚೌಕಾಸಿ ಮಾಡಿದರೂ ಬಾಯಿ ತೆರೆಯುತ್ತಿರಲಿಲ್ಲ.

ಬರಬರುತ್ತ ನಾನು ಬೈಗುಳವನ್ನು ನಾಡಿ ಹಿಡಿದಂತೆ ಕೇಳಲು ಕಲಿತೆ. ಗಂಡನನ್ನು ಬೈಯುತ್ತಿರುವವರೆಗೆ ಇನ್ನೂ ಹೊತ್ತಿದೆ. ಅವಳು ಗಂಡನನ್ನು ಬಿಟ್ಟು ದೇವರನ್ನು ಹಿಡಿದುಕೊಂಡಾಗ ಬಿಸಿನೀರು ತರಿಸಬೇಕು. ಬೈಯುತ್ತಿದ್ದವಳು ಇದ್ದಕ್ಕಿದ್ದಂತೆ ಸುಮ್ಮನಾದರೆ ಕೈಯಲ್ಲಿ ಇದ್ದುದನ್ನು ಬಿಟ್ಟು ಅವಳ ಹತ್ತಿರ ಹೋಗಬೇಕು. ಪುಸ್ತಕದಲ್ಲಿ ಇಲ್ಲದ ಈ ಲೆಕ್ಕ ತಪ್ಪಿದ್ದೂ ಉಂಟು. ಆದರೆ ಮೊದಲಿಂದಲೇ ಸುಮ್ಮನಿರುವವಳನ್ನು ಹೇಗೆ ತಿಳಿಯುವುದು? ಅದು ನನಗೆ ಗೊತ್ತಿರಲಿಲ್ಲ.

ಎಡೇಹಳ್ಳಿ ಪೇಟೆಯಲ್ಲಿ ರುದ್ರಪ್ಪ ಎಂಬ ಜವಳಿ ವ್ಯಾಪಾರಿ ಇದ್ದರು. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಹಲಗೆಯ ಗೋಡೆ. ಅಂಗಡಿಯಲ್ಲಿ ಬಟ್ಟೆ ಹರಿದ ಸದ್ದು ಅಡಿಗೆಮನೆಗೆ ಕೇಳುತ್ತಿತ್ತು. ಅಡಿಗೆಮನೆಯ ಸದ್ದು ಮಾತ್ರ ಅಂಗಡಿಗೆ ಕೇಳಬಾರದು. ಈ ಕಟ್ಟಳೆಯನ್ನು ಕಾಯುತ್ತಿದ್ದವರು ರುದ್ರಪ್ಪನವರಲ್ಲ, ಅವರ ಹೆಂಡತಿ ಗೌರಮ್ಮನವರು. ಎತ್ತರದ ಹೆಂಗಸು, ಹಣೆ ತುಂಬ ವಿಭೂತಿ, ಮಾತು ಪಿಸುಮಾತಿಗಿಂತ ಒಂದು ಎಳೆ ಮೇಲೆ. ಕೆಲಸದವಳು ಗಡಿಗೆ ಒಡೆದರೆ ಬೈಯುತ್ತಿರಲಿಲ್ಲ, ಅವಳನ್ನೇ ನೋಡುತ್ತ ನಿಲ್ಲುತ್ತಿದ್ದರು. ಅವರು ಹೆತ್ತ ಮಕ್ಕಳಲ್ಲಿ ಉಳಿದವನು ಒಬ್ಬ ಮಗ ಮಾತ್ರ. ಆ ಮನೆಯ ಸೊಸೆಯರು ಹೆರಿಗೆಗೆ ತವರಿಗೆ ಹೋಗುವ ಪದ್ಧತಿ ಇರಲಿಲ್ಲ, ಎಲ್ಲ ಹೆರಿಗೆಯೂ ಅದೇ ಹಿಂದಿನ ಕೋಣೆಯಲ್ಲಿ. "ಮಗು ಅತ್ತ ಮೇಲೇ ನರ್ಸಮ್ಮ, ಅಂಗಡಿಗೆ ಗೊತ್ತಾಗ್ತಿದ್ದದ್ದು" ಎಂದು ನನ್ನೊಡನೆ ಹೇಳಿದ್ದರು. ಅವರು ಹೆಮ್ಮೆಯಿಂದ ಆಡಿದ್ದು ನಾನು ಕೇಳಿದ್ದು ಅದೊಂದೇ ಮಾತು.

ಸೊಸೆ ನೀಲಮ್ಮ ನಮ್ಮ ಬಾಳೆಹೊನ್ನೂರಿನ ಕಡೆಯವಳು. ಹಾಗಾಗಿ ನನ್ನನ್ನು ಅಕ್ಕ ಎನ್ನುತ್ತಿದ್ದಳು. ನಾಲ್ಕು ಜನ ಅಣ್ಣಂದಿರ ನಡುವೆ ಬೆಳೆದವಳು, ನಗು ಜಾಸ್ತಿ. ತಿಂಗಳು ತುಂಬುತ್ತಿದ್ದಾಗ ನಾನು ಹೊಟ್ಟೆ ನೋಡಲು ಹೋಗಿದ್ದೆ. ಗೌರಮ್ಮನವರು ಆಚೆ ಹೋದಾಗ ಮೆಲ್ಲಗೆ ಹೇಳಿದಳು: "ತವರಲ್ಲಿ ನಾನು ಅಣ್ಣಂದಿರಿಗೆ ಎಂತೆಂತ ಬೈತಿದ್ದೆ ಗೊತ್ತುಂಟಾ ಅಕ್ಕ? ಅಪ್ಪ ಕೋಲು ತಗಂಡು ಬರ್ತಿದ್ರು. ಇಲ್ಲಿಗೆ ಬಂದು ಎಲ್ಲ ಮರ್ತೇಹೋಯ್ತು."

"ಒಂದಾದರೂ ನೆನಪಿಟ್ಟುಕೋ" ಎಂದೆ. ಇಬ್ಬರೂ ನಕ್ಕೆವು.

ಅತ್ತೆ ಸೊಸೆಗೆ ಆಗುತ್ತಿರಲಿಲ್ಲ ಎಂದು ಯಾರೂ ತಿಳಿಯಬಾರದು. ಗೌರಮ್ಮನವರು ಅವಳ ತಲೆ ಬಾಚುತ್ತಿದ್ದರು, ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟು ಅವಳು ತಿಂದು ಮುಗಿಸುವವರೆಗೆ ಎದುರಿಗೆ ಕೂರುತ್ತಿದ್ದರು. ತನಗೆ ಗೊತ್ತಿದ್ದುದನ್ನೆಲ್ಲ ಅವಳಿಗೆ ಕಲಿಸಿದರು. ನೋವು ತಡೆಯುವುದನ್ನೂ ಕಲಿಸಿದರು.

ಬೇನೆ ಶುರುವಾದ ಕೂಡಲೇ ಹೇಳಿ ಕಳಿಸಿ ಎಂದು ನಾನು ಹೇಳಿದ್ದೆ. ಅವರು ಹೇಳಿ ಕಳಿಸಿದ್ದು ಬೇನೆ ಬಂದ ಮರುದಿನ ಹೊತ್ತೇರಿದ ಮೇಲೆ. ಹೋಗುತ್ತಲೇ ಯಾಕೆ ತಡವೆಂದು ಕೇಳಿದೆ. "ಜೋರು ಬೇನೆ ಇನ್ನೂ ಬಂದಿಲ್ಲ ನರ್ಸಮ್ಮ. ನೀರು ಮಾತ್ರ ನಿನ್ನೆ ಹೋಯ್ತು. ಅವಳು ಆರಾಮಾಗಿದಾಳೆ" ಎಂದರು.

ನೀಲಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಬಾಯಲ್ಲಿ ಸುರುಳಿ ಸುತ್ತಿದ ಬಟ್ಟೆ. ಬಟ್ಟೆಯ ಅಂಚು ರಕ್ತವಾಗಿತ್ತು. ಹೊದಿಕೆ ಸರಿಸಿ ನೋಡಿದೆ. ಮಗುವಿನ ಕೈ ಮಾತ್ರ ಹೊರಗೆ ಬಂದಿತ್ತು, ನೀಲಿಗಟ್ಟಿತ್ತು. ಮಗು ಅಡ್ಡ ಮಲಗಿದೆ ಎಂದು ಅದರ ಅರ್ಥ. ಅಂಥ ಮಗು ತಾನಾಗಿ ಬರುವುದಿಲ್ಲ. ಡಾಕ್ಟರು ಒಳಗೆ ತಿರುಗಿಸಬೇಕು. ನೀರು ಹೋಗಿ ಅಷ್ಟು ಹೊತ್ತಾದ ಮೇಲೆ ಅದೂ ಕಷ್ಟ. ಡಾಕ್ಟರು ಕೊಪ್ಪದ ಕಡೆ ಸುತ್ತಾಟಕ್ಕೆ ಹೋಗಿದ್ದರು. ಅಂಗಡಿಯ ಆಳು ಸೈಕಲ್ ಹತ್ತಿ ಅವರನ್ನು ಹುಡುಕಿಕೊಂಡು ಹೋದ. ಯುದ್ಧದ ಕಾಲ, ಪೆಟ್ರೋಲ್ ಇಲ್ಲ. ಶಿವಮೊಗ್ಗಕ್ಕೆ ಹೋಗುವ ಇದ್ದಿಲು ಗ್ಯಾಸಿನ ಬಸ್ಸು ಬೆಳಿಗ್ಗೆಯೇ ಹೊರಟುಹೋಗಿತ್ತು. ಗಾಡಿಯಲ್ಲಿ ಆ ದಾರಿ ಕುಲುಕಿಸಿಕೊಂಡು ಹೋದರೆ ಅವಳು ಊರು ಮುಟ್ಟುವುದಿಲ್ಲ. ಕಾಯುವುದಲ್ಲದೆ ಬೇರೆ ದಾರಿ ಇರಲಿಲ್ಲ.

ನಾನು ಅವಳ ಬಾಯಿಂದ ಬಟ್ಟೆ ತೆಗೆದೆ. "ನೀಲಾ, ತಡೀಬೇಡ. ಕೂಗು."

"ಕೂಗ್ಲಾ ಅಕ್ಕ?"

"ಕೂಗು."

ಅವಳು ಹಲಗೆಯ ಗೋಡೆ ನೋಡಿದಳು. ಆಚೆ ರುದ್ರಪ್ಪನವರು ಯಾರಿಗೋ ಸೀರೆಯ ಬಣ್ಣ ವರ್ಣಿಸುತ್ತಿದ್ದುದು ಕೇಳುತ್ತಿತ್ತು. ತಲೆಯ ಹತ್ತಿರ ಕುಳಿತಿದ್ದ ಗೌರಮ್ಮನವರು ಅವಳ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದಿದ್ದರು. "ಇನ್ನೊಂದು ಚೂರು ಹೊತ್ತು ಕಣೆ ಮಗ. ಮದುವೆ ಜವಳಿಗೆ ಜನ ಬಂದಿದಾರೆ. ನಾನು ತಡ್ಕಂಡಿಲ್ವಾ, ನೀನೂ ತಡ್ಕಂತೀಯ" ಎಂದು ಮೃದುವಾಗಿ ಹೇಳಿದರು.

"ಗೌರಮ್ಮನವರೆ, ಅವಳು ಕೂಗಲಿ. ತಡೆದರೆ ಏನೂ ಬರುವುದಿಲ್ಲ."

"ನಾ ಬೇಡ ಅಂದ್ನಾ? ಕೇಳಿ ಅವಳನ್ನೇ."

ನೀಲಮ್ಮ ಬೇಡವೆಂಬಂತೆ ತಲೆಯಾಡಿಸಿ ಬಟ್ಟೆಗಾಗಿ ಕೈ ಚಾಚಿದಳು. ನಾನು ಕೊಡಲಿಲ್ಲ. ಅವಳು ತನ್ನ ಸೆರಗನ್ನೇ ಬಾಯಿಗೆ ತುರುಕಿಕೊಂಡಳು. ಬೇನೆ ಬಂದಾಗಲೆಲ್ಲ ಕುತ್ತಿಗೆಯ ನರ ಉಬ್ಬುತ್ತಿತ್ತು, ಕಾಲ ಬೆರಳು ಚಾಪೆಯನ್ನು ಕೆರೆಯುತ್ತಿತ್ತು. ಕೋಣೆಯಲ್ಲಿ ಕೇಳುತ್ತಿದ್ದ ಸದ್ದು ಅದೊಂದೇ. ನಡುವೆ ಒಮ್ಮೆ ಗೌರಮ್ಮನವರು ನೀರು ಕಾಸಲು ಒಲೆಯ ಹತ್ತಿರ ಹೋಗಿ ಬಂದರು.

ಮಧ್ಯಾಹ್ನ ಇಳಿದ ಮೇಲೆ ಅವಳ ಮೈ ಒಮ್ಮೆ ಬಿಲ್ಲಿನಂತೆ ಬಾಗಿ ಸಡಿಲವಾಯಿತು. ಬಾಯಿಂದ ಸೆರಗು ತೆಗೆದು, "ನೋವು ಹೋಯ್ತು ಅಕ್ಕ" ಎಂದಳು. ಮುಖದಲ್ಲಿ ನಗುವಿನಂಥದ್ದು ಇತ್ತು. ಗೌರಮ್ಮನವರು "ನಾ ಹೇಳ್ಲಿಲ್ವಾ" ಎಂದು ಅವಳ ಕೆನ್ನೆ ಸವರಿದರು. ನಾನು ನಾಡಿ ಹಿಡಿದೆ. ಅದು ಎಳೆಯಂತೆ ಓಡುತ್ತಿತ್ತು. ಒಳಗೆ ಗರ್ಭಕೋಶ ಹರಿದಿತ್ತು. ಅದನ್ನು ಹೊಲಿಯುವ ಕೈ ಶಿವಮೊಗ್ಗದಿಂದ ಈಚೆ ಇರಲಿಲ್ಲ. ದೀಪ ಹಚ್ಚುವ ಮೊದಲು ನೀಲಮ್ಮ ಹೋದಳು. ಡಾಕ್ಟರು ಬರುವಾಗ ನಾನು ಅವಳ ಕಣ್ಣು ಮುಚ್ಚಿಸಿ ಆಗಿತ್ತು.

ಬೀದಿಯ ಹೆಂಗಸರು ನೆರೆದರು. "ಎಂಥಾ ಗಟ್ಟಿ ಹುಡುಗಿ, ಪಕ್ಕದ ಮನೆಗೆ ಒಂದು ಉಸಿರು ಕೇಳ್ಲಿಲ್ಲ" ಎಂದಳು ಒಬ್ಬಳು. ಇನ್ನೊಬ್ಬಳು "ಕುಲಸ್ಥರ ಮಗಳು ಅಂದ್ರೆ ಹಂಗೇ" ಎಂದಳು. ರುದ್ರಪ್ಪನವರು ಅಂಗಡಿಯ ಬಾಗಿಲಲ್ಲಿ ಬಂದು ನಿಂತರು. ಕಣ್ಣು ತುಂಬಿತ್ತು. "ಲಕ್ಷ್ಮಿಯಂಥವಳು. ಒಂದು ಸೊಲ್ಲೆತ್ತಲಿಲ್ಲ. ಇಲ್ಲೇ ಕೂತಿದ್ದ ನನಗೇ ಗೊತ್ತಾಗ್ಲಿಲ್ಲ ನೋಡಿ" ಎಂದರು.

ಗೌರಮ್ಮನವರು ಹೆಣದ ಪಕ್ಕದಿಂದ ಎದ್ದರು. "ಎಂತ ಅಂದ್ರಿ?"

"ಗೊತ್ತಾಗ್ಲಿಲ್ಲ ಅಂದೆ ಕಣೆ."

"ಗೊತ್ತಾಗ್ಲಿಲ್ವಾ ನಿಂಗೆ, ಸೂಳೇಮಗನೆ?"

ಯಾರಿಗೂ ಮೊದಲು ಅರ್ಥವಾಗಲಿಲ್ಲ. ಅವರು ಗಂಡನನ್ನು ಸರಿಸಿ, ಮದುವೆಯಾಗಿ ಬಂದಂದಿನಿಂದ ತುಳಿಯದ ಅಂಗಡಿಗೆ ನಡೆದರು. ಜಗಲಿಯ ಮೇಲೆ ನಿಂತರು. ಅಲ್ಲಿಂದ ಬೀದಿಗೆ ಕೇಳುವಂತೆ ಗಂಡನನ್ನು ಬೈದರು, ಅಂಗಡಿಯನ್ನು, ಗಿರಾಕಿಗಳನ್ನು, ಹೊಗಳಿದ ಹೆಂಗಸರನ್ನು, ನನ್ನನ್ನು, ಮನೆದೇವರು ವೀರಭದ್ರನನ್ನು ಬೈದರು. ಗಾಡಿಯವರ ಬಾಯಲ್ಲೂ ನಾನು ಕೇಳದ ಮಾತುಗಳು. ಎಲ್ಲಿ ಕೇಳಿ ಇಟ್ಟುಕೊಂಡಿದ್ದರೋ. ಜೋರು ಮಾತಾಡಿ ಅಭ್ಯಾಸವಿಲ್ಲದ ಗಂಟಲು ಒಡೆದು ಒಡೆದು ಹೋಗುತ್ತಿತ್ತು. ಕೊನೆಗೆ ತಮ್ಮನ್ನೇ ಬೈದುಕೊಳ್ಳುತ್ತ ಅಲ್ಲೇ ಕುಸಿದರು. ರುದ್ರಪ್ಪನವರು ಅಂಗಡಿಯ ಹಲಗೆಗಳನ್ನು ಒಂದೊಂದಾಗಿ ಹಾಕತೊಡಗಿದರು. ಅವರಿಗೆ ಬೇರೆ ಏನು ಮಾಡಬೇಕೆಂದು ತಿಳಿಯಲಿಲ್ಲ ಎಂದು ಈಗ ಅನಿಸುತ್ತದೆ.

ಆ ಬಾಯಿ ಮತ್ತೆ ಕಟ್ಟಲಿಲ್ಲ. ಗೌರಮ್ಮನವರು ಸ್ನಾನ ಮಾಡುತ್ತಿದ್ದರು, ಲಿಂಗಪೂಜೆ ಮಾಡುತ್ತಿದ್ದರು, ಅಡಿಗೆಗೆ ಉಪ್ಪು ಹಾಕುವುದನ್ನು ಮರೆಯುತ್ತಿರಲಿಲ್ಲ. ಅಂಗಡಿಯಲ್ಲಿ ಗಿರಾಕಿಯ ದನಿ ಕೇಳಿದರೆ ಮಾತ್ರ ಹಲಗೆಗೆ ಬಾಯಿ ಹಚ್ಚಿ ಬೈಯುತ್ತಿದ್ದರು. ಹೆಂಗಸರು ಜವಳಿಗೆ ಬರುವುದನ್ನು ಬಿಟ್ಟರು. ಮಠದ ಅಯ್ಯನವರು ಬಂದು ವಿಭೂತಿ ಹಚ್ಚಿ ಹೋದರು. ಡಾಕ್ಟರು ಬ್ರೋಮೈಡ್ ಔಷಧಿ ಬರೆದು, ಕುಡಿಸಿ ಬಾ ಎಂದು ನನ್ನನ್ನು ಕಳಿಸಿದರು.

ಗೌರಮ್ಮನವರು ಲೋಟ ಕೈಯಲ್ಲಿ ಹಿಡಿದು ನೋಡಿದರು. ಆವತ್ತಿನಿಂದ ಅವರು ಯಾರಿಗೂ ಬಹುವಚನ ಕೊಡುತ್ತಿರಲಿಲ್ಲ. "ಇದು ಕುಡಿದ್ರೆ ಬಾಯಿ ನಿಲ್ತದೇನೆ?"

"ನಿದ್ದೆ ಬರುತ್ತದೆ. ನಿದ್ದೆ ಬಂದರೆ ಸ್ವಲ್ಪ ಸಮಾಧಾನ."

"ಯಾರಿಗೆ?"

ಅವರು ಔಷಧಿಯನ್ನು ಬಚ್ಚಲಿಗೆ ಚೆಲ್ಲಿ, ಲೋಟ ತೊಳೆದು ನನಗೆ ಕೊಟ್ಟರು. ಕುಡಿಸಲಾಗಲಿಲ್ಲ ಎಂದು ಹೋಗಿ ಹೇಳಿದೆ. ಡಾಕ್ಟರು ಭುಜ ಕುಣಿಸಿದರು. ಸ್ವಲ್ಪ ದಿನದಲ್ಲಿ ಗೌರಮ್ಮನವರನ್ನು ಸೀತೂರಿನ ಅವರ ತಮ್ಮನ ಮನೆಗೆ ಸಾಗಿಸಿದರೆಂದು ಕೇಳಿದೆ. ವರ್ಷ ತುಂಬುವುದರೊಳಗೆ ಮಗನಿಗೆ ಬೇರೆ ಮದುವೆಯಾಯಿತು. ಹೊಸ ಸೊಸೆ ಹೆರಿಗೆಗೆ ತವರಿಗೆ ಹೋದಳು. ಅಂಗಡಿಗೆ ಮತ್ತೆ ಜನ ಬಂದರು.

ನನಗೆ ಕೊಪ್ಪಕ್ಕೆ, ಆಮೇಲೆ ಶೃಂಗೇರಿಗೆ ವರ್ಗವಾಯಿತು. ನಾನು ಕೆಲಸ ಮಾಡುವ ರೀತಿ ಬದಲಾಗಿತ್ತು. ಕೋಣೆಗೆ ಕಾಲಿಡುತ್ತಲೇ ಹಿರಿಯರನ್ನು ಹೊರಗೆ ಕಳಿಸುತ್ತಿದ್ದೆ, ಬಾಗಿಲು ಹಾಕಿಕೊಂಡು "ಬಾಯಿಗೆ ಬಂದದ್ದು ಅನ್ನಮ್ಮ, ನಾನು ಯಾರಿಗೂ ಹೇಳುವುದಿಲ್ಲ" ಎನ್ನುತ್ತಿದ್ದೆ. ಶೃಂಗೇರಿಯಲ್ಲಿ ಪೂಜೆಯವರ ಮನೆಯ ಹುಡುಗಿಯೊಬ್ಬಳಿಗೆ ಬೈಗುಳವೇ ಬರುತ್ತಿರಲಿಲ್ಲ. ಪಾಪ, ತನಗೆ ಸೇರದ ತರಕಾರಿಗಳ ಹೆಸರು ಹಿಡಿದು ಕಿರುಚಿದಳು. "ಹಾಗಲಕಾಯಿ! ಹಾಗಲಕಾಯಿ!" ಎನ್ನುತ್ತಲೇ ಹೆಣ್ಣು ಮಗು ಹೆತ್ತಳು. ಆ ಮನೆಯ ಹಿರಿಯರಿಗೆ ನಗು ಬರಲಿಲ್ಲ. ಮಾನಸ್ಥರ ಮನೆಯ ಹೆಣ್ಣುಮಕ್ಕಳಿಗೆ ಕೂಗಲು, ಬೈಯಲು ಕಲಿಸುತ್ತಾಳೆ ಎಂದು ಮೇಲಿನವರಿಗೆ ದೂರು ಹೋಯಿತು. ನನ್ನನ್ನು ಕರೆಸಿ ಎಚ್ಚರಿಸಿದರು. ಹೂಂ ಎಂದು ಬಂದೆ, ಮರುದಿನ ಇನ್ನೊಂದು ಮನೆಯಲ್ಲಿ ಬಾಗಿಲು ಹಾಕಿಕೊಂಡೆ. ಅದರಿಂದ ಎಲ್ಲರೂ ಬದುಕಿದರು ಎಂದಲ್ಲ. ಚೆನ್ನಾಗಿ ಬೈದವರೂ ನನ್ನ ಕೈಯಲ್ಲಿ ಸತ್ತಿದ್ದಾರೆ. ಆದರೆ ಅವರಿಗೆ ಏನಾಗುತ್ತಿದೆ ಎಂದು ನನಗೆ ಸಮಯಕ್ಕೆ ಸರಿಯಾಗಿ ತಿಳಿಯುತ್ತಿತ್ತು.

ಸ್ವಾತಂತ್ರ್ಯ ಬಂದ ಮೇಲಿನ ಮಾತು. ಪರಿಚಯದವರೊಬ್ಬರ ಹೆರಿಗೆಗೆಂದು ಸೀತೂರಿಗೆ ಕರೆಸಿದ್ದರು. ಕೆಲಸ ಸಲೀಸಾಗಿ ಮುಗಿಯಿತು. ಬಸ್ಸಿಗೆ ಇನ್ನೂ ಹೊತ್ತಿತ್ತು. ಆ ಮನೆಯವರು "ನಾಲ್ಕು ಮನೆ ಆಚೆ ಒಬ್ಬಳು ಬೈಯೋ ಮುದುಕಿ ಇದ್ದಾಳೆ, ಆ ದಾರಿ ಬೇಡ, ಗದ್ದೆಯಂಚಿನಲ್ಲಿ ಹೋಗಿ" ಎಂದರು. ನಾನು ಆ ದಾರಿಯಲ್ಲೇ ಹೋದೆ.

ಗೌರಮ್ಮನವರು ಜಗಲಿಯ ಮೂಲೆಯಲ್ಲಿ ಚಾಪೆಯ ಮೇಲೆ ಮಲಗಿದ್ದರು. ಆ ಎತ್ತರದ ಮೈ ಮುದುಡಿ ಒಂದು ಗಂಟಿನಷ್ಟಾಗಿತ್ತು. ಕಣ್ಣಿಗೆ ಪೊರೆ ಬಂದಿತ್ತು. ಕಾಲಸಪ್ಪಳ ಕೇಳಿ "ಯಾವ ರಂಡೆ ಅದು?" ಎಂದರು.

"ನಾನು ಗೌರಮ್ಮನವರೆ. ಎಡೇಹಳ್ಳಿಯಲ್ಲಿ ಇದ್ದ ನರ್ಸು."

"ನೀನಾ. ಕೂತ್ಕ" ಎಂದು ಚಾಪೆಯ ಅಂಚು ತೋರಿಸಿದರು. ಕುಳಿತೆ. ಊಟ, ಮೈಕೈ ನೋವು ಎಂದೆಲ್ಲ ವಿಚಾರಿಸಿದೆ. ಅವರು ನನ್ನ ಮೊಣಕೈ ಹುಡುಕಿ ಹಿಡಿದುಕೊಂಡರು.

"ಆವತ್ತು ನಾ ನೀರು ಕಾಸಕ್ಕೆ ಒಲೆ ಹತ್ರ ಹೋಗಿದ್ನಲ್ಲ. ಆವಾಗ ನೀವಿಬ್ರೇ ಇದ್ರಿ."

"ಹೌದು."

"ನಾ ಇಲ್ದಾಗ ಅವಳು ಎಂತಾದ್ರೂ ಅಂದ್ಲಾ?"

"ಏನು ಅನ್ನುವುದು?"

"ನನ್ನ ಬೈದ್ಲಾ?"

ಅವರು ಒಲೆಯ ಹತ್ತಿರ ಹೋದಾಗ ನೀಲಮ್ಮ ಒಂದು ಮಾತು ಅಂದದ್ದು ನಿಜ. "ಅತ್ತೆ ನಿನ್ನೆಯಿಂದ ಉಂಡಿಲ್ಲ ಅಕ್ಕ, ನೀವಾದ್ರೂ ಹೇಳಿ" ಎಂದಿದ್ದಳು. ಅದನ್ನು ನಾನು ಅಷ್ಟು ವರ್ಷ ಯಾರೊಡನೆಯೂ ಆಡಿರಲಿಲ್ಲ. ಈಗ ಆ ಪೊರೆಗಣ್ಣು ನನ್ನ ಮುಖದ ಮೇಲೆಯೇ ನಿಂತಿತ್ತು.

"ಬೈದಳು" ಎಂದೆ.

ನನ್ನ ಮೊಣಕೈ ಹಿಡಿದಿದ್ದ ಕೈ ಬಿಗಿಯಾಯಿತು. "ಸುಳ್ಳು."

"ಸುಳ್ಳಲ್ಲ. ಬೈದಳು."

"ಎಂತ ಬೈದ್ಲು? ಹೇಳು. ಅವಳು ಅಂದ ಹಂಗೇ ಹೇಳು."

ತಂದೆಯ ಮನೆಯಲ್ಲಿ, ಗಂಡನ ಮನೆಯಲ್ಲಿ, ಇಷ್ಟು ವರ್ಷದ ನೌಕರಿಯಲ್ಲಿ ನಾನು ಒಬ್ಬರಿಗೂ ಆಡದ ಮಾತುಗಳು ಅವು. ಕೇಳಿ ಮಾತ್ರ ಗೊತ್ತಿತ್ತು. ಗುಡಿಸಲುಗಳಲ್ಲಿ, ದೊಡ್ಡ ಮನೆಗಳಲ್ಲಿ, ಹೆಂಗಸರು ನನ್ನ ಕೈ ಹಿಡಿದುಕೊಂಡು ಆಡಿದ ಮಾತುಗಳು. ಮೊದಲು ಮೆಲ್ಲಗೆ ಶುರುಮಾಡಿದೆ.

"ನಿನ್ನ ಮನೆ ಹಾಳಾಗ ಅಂದಳು. ನಿನ್ನ ಬಾಯಿಗೆ ಮಣ್ಣು ಬೀಳ ಅಂದಳು."

"ಗಟ್ಟಿ ಹೇಳು. ಕೇಳ್ಸಲ್ಲ."

"ನಿನ್ನ ಅಂಗಡಿಗೆ ಬೆಂಕಿ ಬೀಳ! ನನ್ನ ಬಾಯಿ ಕಟ್ಟಿದ ನಿನ್ನ ನಾಲಿಗೆಗೆ ಹುಳ ಬೀಳ! ಪಾಪಿ ರಂಡೆ, ನಿನ್ನ ಹೊಟ್ಟೆ ಉರಿದುಹೋಗ!"

ಒಳಗಿಂದ ಗೌರಮ್ಮನವರ ತಮ್ಮನ ಹೆಂಡತಿ ನನಗೆಂದು ಕಾಫಿ ಹಿಡಿದು ಬಂದವಳು ಹೊಸ್ತಿಲಲ್ಲೇ ನಿಂತಳು. ನನ್ನನ್ನು ನೋಡಿದಳು. ಲೋಟವನ್ನು ನೆಲದ ಮೇಲಿಟ್ಟು ಹಾಗೆಯೇ ಒಳಗೆ ಹೋದಳು.

ಗೌರಮ್ಮನವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಒಂದೊಂದು ಮಾತಿಗೂ ಹೂಂ, ಹೂಂ ಎನ್ನುತ್ತಿದ್ದರು. ಮುಚ್ಚಿದ ಕಣ್ಣಿನ ಅಂಚಿಂದ ನೀರು ಕಿವಿಯ ಕಡೆ ಇಳಿಯುತ್ತಿತ್ತು. ಉಸಿರೆಳೆದುಕೊಳ್ಳಲು ನಿಲ್ಲಿಸಿದೆ.

"ಅಷ್ಟೇನಾ?" ಎಂದರು.

"ಇಲ್ಲ, ಇನ್ನೂ ಅಂದಳು" ಎಂದು ನಾನು ಮುಂದುವರಿಸಿದೆ.